ಕೊಸರು

ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಲ್ಲಾಗಲಿ, ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಆಸುಪಾಸಿನಲ್ಲಾಗಲಿ, ಹಳೆಯ ದಿನಸಿ ಅಂಗಡಿಯೊಂದರ ಮುಂದೆ ನಿಂತು ತಲೆಯೆತ್ತಿದರೆ ಗಲ್ಲಾಪೆಟ್ಟಿಗೆಯ ಮೇಲ್ಗಡೆ ಮೂರು ಪಟ ಕಾಣುತ್ತವೆ. ಮೊದಲನೆಯದು ಲಕ್ಷ್ಮಿ, ಎರಡನೆಯದು ಮನೆದೇವರು. ಮೂರನೆಯದು ಅಂಗಡಿ ಶುರು ಮಾಡಿದ ಯಜಮಾನರು. ಗಂಧದ ಚಕ್ಕೆಯ ಹಾರ, ಮೇಲೊಂದು ಕೆಂಪು ಜೀರೋ ಬಲ್ಬು. ದೇವರುಗಳು ಬೀದಿ ನೋಡುತ್ತಿದ್ದರೆ ಯಜಮಾನರ ಕಣ್ಣು ಮಾತ್ರ ತಕ್ಕಡಿಯ ಮೇಲೇ ನೆಟ್ಟಂತಿರುತ್ತದೆ. ಪಟವನ್ನು ಒಂಚೂರು ಮುಂದಕ್ಕೆ ಬಾಗಿಸಿ ನೇತುಹಾಕಿರುವುದರಿಂದ ಹಾಗೆ.

ಅದು ಸ್ಟುಡಿಯೋದಲ್ಲಿ ಕೂತು ತೆಗೆಸಿದ ಫೋಟೊ ಅಂದುಕೊಳ್ಳಬೇಡಿ. ಅಂಗಡಿ ಬಿಟ್ಟು ಸ್ಟುಡಿಯೋಗೆ ಹೋಗುವ ಪುರುಸೊತ್ತು ಆ ಕಾಲದ ಅಂಗಡಿಯವರಿಗೆ ಎಲ್ಲಿತ್ತು? ಬಹುಪಾಲು ಅದು ಮಗಳ ಮದುವೆಯ ಗುಂಪು ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಗುರುತು ಸುಲಭ. ಮೈಮೇಲೆ ಜರಿಯಂಚಿನ ಶಲ್ಯ, ಬೆವರಿಗೆ ಹಣೆಯಲ್ಲಿ ಕರಗಿದ ಕುಂಕುಮ, ಎಡಹೆಗಲ ಪಕ್ಕ ಯಾರದೋ ರೇಷ್ಮೆಸೀರೆಯ ಅಂಚು ಒಂದಂಗುಲ. ಯಾರದೋ ಏನು, ಹೆಂಡತಿಯದೇ. ಫ್ರೇಮು ಹಾಕುವವನು ಎಷ್ಟು ಹುಷಾರಾಗಿ ಕತ್ತರಿಸಿದರೂ ಅಷ್ಟು ಉಳಿದುಬಿಡುತ್ತದೆ.

ಇಂಥವರು ತೀರಿಕೊಂಡಾಗ ಪತ್ರಿಕೆಯ ಮೂಲೆಯಲ್ಲಿ 'ಸಜ್ಜನರು, ಸರಳಜೀವಿ, ಕುಟುಂಬವತ್ಸಲರು' ಅಂತ ಮೂರು ಪದ ಬರುತ್ತದೆ. ಮೂರೂ ನಿಜವೇ ಇರಬಹುದು. ಆದರೆ ನಲವತ್ತು ಐವತ್ತು ವರ್ಷ ಒಂದೇ ಹಲಗೆಯ ಮೇಲೆ ಕಾಲು ಮಡಿಸಿ ಕೂತು, ಒಂದು ಬೀದಿಯ ಅಷ್ಟೂ ಅಡುಗೆಮನೆಗಳನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿದವರನ್ನು ಹೀಗೆ ಸಗಟಿನಲ್ಲಿ ತೂಗಿ ಕಳಿಸುವುದು ಅನ್ಯಾಯ. ಅವರನ್ನು ಅವರ ತಕ್ಕಡಿಯಿಂದಲೇ ಹಿಡಿಯಬೇಕು. ಅದರಲ್ಲೂ ತೂಕ ಮುಗಿದ ಮೇಲೆ ಮೇಲಿಂದ ಬೀಳುತ್ತಿದ್ದ ಆ ಒಂದು ಚಿಟಿಕೆಯಿಂದ. ಅದಕ್ಕೆ ನಮ್ಮ ಕಡೆ ಕೊಸರು ಅಂತಾರೆ.

ಕೇಳಿ ಪಡೆದರೂ ಕೊಸರೇ, ಕೇಳದೆ ಬಿದ್ದರೂ ಕೊಸರೇ. ಅಳತೆಯ ಕಾಲದಲ್ಲಿ ಇದಕ್ಕೆ ಜಾಗ ಧಾರಾಳವಾಗಿತ್ತು. ನಾಲ್ಕು ಪಾವು ಸೇರಿದರೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು, ಪಾವಿನ ಕಾಲುಭಾಗ ಚಟಾಕು. ಸೇರಿನ ಬಾಯನ್ನು ಅಂಗೈಯಲ್ಲಿ ಸವರಿ ಕೊಟ್ಟರೆ ಒಂದು ಲೆಕ್ಕ, ಗೋಪುರ ಕಟ್ಟಿ ಕೊಟ್ಟರೆ ಇನ್ನೊಂದು ಲೆಕ್ಕ. ಮೊದಲ ಸೇರಿಗೆ 'ಒಂದು' ಅನ್ನದೆ 'ಲಾಭ' ಅಂತ ಎಣಿಸುವುದು ರೂಢಿ. ಲಾಭ ಯಾರಿಗೆ ಅನ್ನುವುದು ಗೋಪುರದ ಎತ್ತರ ನೋಡಿದರೆ ತಿಳಿಯುತ್ತಿತ್ತು. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು, ಮರುವರ್ಷ ಅಕ್ಟೋಬರಿನಿಂದ ಕಿಲೋಗ್ರಾಮು ಒಂದೊಂದೇ ಕಡೆ ಕಾಲಿಟ್ಟಿತು. ಆ ಪೀಳಿಗೆಯ ಅಂಗಡಿಯವರಿಗೆ ಎರಡು ಪರೀಕ್ಷೆ ಒಟ್ಟಿಗೆ. ಹದಿನಾರಾಣೆ ನೂರು ಪೈಸೆಯಾದರೆ ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಯಾರ ಹತ್ತಿರವೂ ಇಲ್ಲ. ಆ ಕಾಲನ್ನು ಗಿರಾಕಿಗೆ ಬಿಟ್ಟರೋ ತಾವಿಟ್ಟುಕೊಂಡರೋ ಅನ್ನುವುದರ ಮೇಲೆ ಎಷ್ಟೋ ಅಂಗಡಿಗಳ ಹೆಸರು ನಿಂತಿತು, ಬಿತ್ತು. ಅಜ್ಜಿಯಂದಿರು ಮಾತ್ರ ಕೊನೆಯವರೆಗೂ 'ಒಂದು ಪಾವು ಅಕ್ಕಿ ಹಾಕಪ್ಪ' ಅಂತಲೇ ಕೇಳಿದರು. ಯಜಮಾನರು ತುಟಿ ಬಿಚ್ಚದೆ ಕಾಲು ಕೇಜಿ ತೂಗಿ, ಮೇಲೆ ಒಂದು ಚಿಟಿಕೆ ಹಾಕಿ, 'ಪಾವು ಸರಿಯಾಯ್ತಾ ಅಜ್ಜಿ?' ಅನ್ನುತ್ತಿದ್ದರು.

ತಕ್ಕಡಿಯ ವಿಷಯಕ್ಕೆ ಬರೋಣ. ಬಾಗಿಲು ತೆಗೆದು, ನೀರು ಚಿಮುಕಿಸಿ, ಊದುಬತ್ತಿ ಹಚ್ಚಿದ ಮೇಲೆ ಮೊದಲ ಕೆಲಸ ಖಾಲಿ ತಟ್ಟೆ ಎತ್ತಿ ಮುಳ್ಳು ನೋಡುವುದು. ಮುಳ್ಳು ನಡುವೆ ನಿಂತಿತು ಅಂತ ನಂಬುವ ಹಾಗಿಲ್ಲ. ಎರಡು ತೋಳಿನ ಉದ್ದದಲ್ಲಿ ಒಂದೆಳ್ಳಿನಷ್ಟು ವ್ಯತ್ಯಾಸವಿದ್ದರೂ ಖಾಲಿ ತಟ್ಟೆ ಸಮನಾಗಿ ನಿಲ್ಲಬಹುದು; ಮೋಸ ಭಾರ ಬಿದ್ದಾಗಲೇ ಹೊರಬರುವುದು. ಅದಕ್ಕೊಂದು ಉಪಾಯವಿದೆ. ಒಂದು ಕೇಜಿ ಬೆಲ್ಲ ತೂಗಿ, ಆಮೇಲೆ ಬೆಲ್ಲವನ್ನು ಕಲ್ಲಿನ ತಟ್ಟೆಗೂ ಕಲ್ಲನ್ನು ಬೆಲ್ಲದ ತಟ್ಟೆಗೂ ಅದಲುಬದಲು ಮಾಡಬೇಕು. ಆಗಲೂ ಮುಳ್ಳು ನಡುವೆಯೇ ನಿಂತರೆ ತಕ್ಕಡಿ ಸಾಚಾ. ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸುವ ಅಂಗಡಿಯವನ ಕತೆ ಎಲ್ಲರಿಗೂ ಗೊತ್ತು. ಆದರೆ ಹುಣಸೆಹಣ್ಣನ್ನು ಯಾರೂ ಬೇಕಂತಲೇ ಅಂಟಿಸಬೇಕಾಗಿಲ್ಲ. ಬೆಳಗಿನಿಂದ ಬೆಲ್ಲ, ಹುಣಸೆ, ಖರ್ಜೂರ ತೂಗಿದ ತಟ್ಟೆಗೆ ಸಂಜೆ ಹೊತ್ತಿಗೆ ಬರಿಯ ಜಿಗುಟೇ ಐದಾರು ಗ್ರಾಂ ಕೂತಿರುತ್ತದೆ. ಆಮೇಲೆ ಬಂದ ಗಿರಾಕಿಗೆ ಅಷ್ಟು ಕಡಿಮೆ. ಹಾಗಾಗಿ ಒದ್ದೆಬಟ್ಟೆಯೊಂದು ಯಜಮಾನರ ಮೊಣಕಾಲ ಪಕ್ಕದಲ್ಲಿ ಸದಾ ಇರುತ್ತಿತ್ತು. ತಟ್ಟೆ ಒರೆಸುವ ಅಂಗಡಿ, ಒರೆಸದ ಅಂಗಡಿ ಅಂತ ಎರಡೇ ಜಾತಿ ಅಂದರೂ ನಡೆಯುತ್ತದೆ.

ಕಲ್ಲಿನ ಕತೆಯೇ ಬೇರೆ. ಹೆಸರಿಗೆ ಕಲ್ಲು, ವಸ್ತು ಎರಕದ ಕಬ್ಬಿಣ, ಆರು ಮೂಲೆ. ಅದರಲ್ಲೊಂದು ಕುಳಿ, ಕುಳಿಯಲ್ಲಿ ಸೀಸ, ಸೀಸದ ಮೇಲೆ ತೂಕ ಅಳತೆ ಇಲಾಖೆಯವರ ಮುದ್ರೆ. ಎರಡು ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಕಲ್ಲು ಸವೆದರೆ ಹಗುರಾಗಿ ಗಿರಾಕಿಗೆ ನಷ್ಟ. ಎಣ್ಣೆಪಸೆಗೆ ಧೂಳು ಮೆತ್ತಿ ಭಾರವಾದರೆ ಅಂಗಡಿಗೆ ನಷ್ಟ. ಸೀಸ ಸಡಿಲವಾಗಿ ಉದುರಿಹೋದ ಕಲ್ಲನ್ನು ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಡುವುದಕ್ಕೆ ಬಳಸುತ್ತಾರೆ. ಹಳೆಯ ಅಂಗಡಿಗಳ ಬಾಗಿಲ ಮೂಲೆಯಲ್ಲಿ ಅಂಥದ್ದೊಂದು ನಿವೃತ್ತಿಯ ಕಲ್ಲು ಈಗಲೂ ಕಾಣುತ್ತದೆ.

ಪೊಟ್ಟಣ ಕಟ್ಟುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪತ್ರಿಕೆಯ ಒಂದು ಪುಟವನ್ನು ಅಡ್ಡಕ್ಕೆ ಎರಡು ಮಾಡಿ ಹರಿದ ಹಾಳೆಗಳು ಬಲಗೈಗೆ ಸಿಗುವಂತೆ ಕಟ್ಟಾಗಿ ನೇತಾಡುತ್ತಿರುತ್ತವೆ. ಎಡಗೈ ಬೆರಳುಗಳ ಸುತ್ತ ಒಂದು ಮೂಲೆಯಿಂದ ಸುತ್ತಿದರೆ ಶಂಖದಾಕಾರ. ಚೂಪು ತುದಿಯನ್ನು ಒಂದು ಬೆರಳಗಲ ಮೇಲಕ್ಕೆ ಮಡಚಬೇಕು. ಈ ಮಡಿಕೆ ಮರೆತರೆ ಗಸಗಸೆ, ಸಾಸಿವೆಯಂಥ ಸಣ್ಣ ಕಾಳು ಅಂಗಡಿಯಿಂದ ಮನೆವರೆಗೂ ದಾರಿ ಬರೆದುಕೊಂಡು ಹೋಗುತ್ತದೆ. ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಕುತ್ತಿಗೆವರೆಗೆ ತುಂಬಿದರೆ ದಾರ ಬಿಗಿದ ಕೂಡಲೇ ಹೊಟ್ಟೆ ಒಡೆಯುತ್ತದೆ. ಎಡ, ಬಲ, ಆಮೇಲೆ ಎದುರಿನದು ಅಂತ ಬಾಯಿಯನ್ನು ಮೂರು ಮಡಿಕೆಯಲ್ಲಿ ಒಳಕ್ಕೆ ಒತ್ತಬೇಕು. ಮೇಲೆ ಸೂರಿಗೆ ಕಟ್ಟಿದ ಡಬ್ಬಿಯೊಳಗೆ ದಾರದ ಉಂಡೆ, ಡಬ್ಬಿಯ ಅಡಿಯ ತೂತಿನಿಂದ ದಾರ ಇಳಿಬಿದ್ದಿರುತ್ತದೆ. ಉದ್ದಕ್ಕೆ ಒಂದು ಸುತ್ತು, ಹೆಬ್ಬೆರಳಲ್ಲಿ ಒತ್ತಿ ತಿರುಗಿಸಿ ಅಡ್ಡಕ್ಕೆ ಎರಡು ಸುತ್ತು, ಕೊನೆಯ ಎಳೆಯನ್ನು ಒಳಗೆ ಸಿಕ್ಕಿಸಿ, ಕಿರುಬೆರಳಿಗೆ ಸುತ್ತಿ ಒಂದೇ ಜಗ್ಗು. ಗಂಟಿಲ್ಲ, ಕತ್ತರಿಯಿಲ್ಲ. ಆ ಜಗ್ಗಿನಿಂದ ಯಜಮಾನರ ಕಿರುಬೆರಳಿನಲ್ಲಿ ದಾರದಷ್ಟೇ ಸಪೂರದ ಒಂದು ಗೀರು ಶಾಶ್ವತವಾಗಿ ಉಳಿಯುತ್ತದೆ. ಬೆಲ್ಲಕ್ಕಾದರೆ ಹಾಳೆ ಎರಡು, ಇಲ್ಲವಾದರೆ ಮನೆಗೆ ಹೋಗುವಷ್ಟರಲ್ಲಿ ಬೆಲ್ಲದ ಮೇಲೆ ಮುಖ್ಯಮಂತ್ರಿಗಳ ಭಾಷಣ ಅಚ್ಚಾಗಿರುತ್ತದೆ. ಈಗ ಆಹಾರ ಸುರಕ್ಷತೆಯವರು ಪತ್ರಿಕೆಯ ಹಾಳೆಯಲ್ಲಿ ತಿನ್ನುವ ಪದಾರ್ಥ ಕಟ್ಟಬೇಡಿ ಅನ್ನುತ್ತಾರೆ. ಅದು ಸರಿಯಾದ ಮಾತು. ಆ ಮಸಿ ಹೊಟ್ಟೆಗೆ ಒಳ್ಳೆಯದಲ್ಲ. ಅದಕ್ಕೆ ಬದಲಾಗಿ ಬಂದ ಪ್ಲಾಸ್ಟಿಕ್ಕಿನ ಬಗ್ಗೆ ಅಷ್ಟೇ ಸಮಾಧಾನ ಹೇಳುವುದು ಕಷ್ಟ.

ಆ ಅರ್ಧ ಪುಟ ತೂಗಿದರೆ ನಾಲ್ಕೈದು ಗ್ರಾಂ ಬರುತ್ತದೆ. ಒಂದು ಕೇಜಿ ಅಕ್ಕಿಯಲ್ಲಿ ಇದು ಲೆಕ್ಕಕ್ಕೇ ಇಲ್ಲ. ಆದರೆ 50 ಗ್ರಾಂ ಏಲಕ್ಕಿಯನ್ನು ಹಾಳೆಯ ಸಮೇತ ತೂಗಿದರೆ ಹತ್ತರಲ್ಲೊಂದು ಪಾಲು ಏಲಕ್ಕಿಯ ಬೆಲೆಗೆ ಹಳೆಯ ಪತ್ರಿಕೆ ಮಾರಿದಂತಾಯಿತು. ಸಕಲೇಶಪುರ, ಮೂಡಿಗೆರೆಯ ಕಡೆ ಏಲಕ್ಕಿ, ಮೆಣಸು ಬೆಳೆದವರೇ ಗಿರಾಕಿಗಳಾಗಿ ಬರುವ ಸೀಮೆಯಲ್ಲಿ ಈ ಆಟ ನಡೆಯುವುದೂ ಇಲ್ಲ. ಹಾಗಾಗಿ ಕಾಗದಕ್ಕೆ ಕಾಗದ ಅನ್ನುವ ಪದ್ಧತಿ: ಪೊಟ್ಟಣದ ಹಾಳೆ ಒಂದು ತಟ್ಟೆಗೆ, ಅದೇ ಅಳತೆಯ ಇನ್ನೊಂದು ಹಾಳೆ ಕಲ್ಲಿನ ತಟ್ಟೆಗೆ. ಗಿರಾಕಿ ನೋಡಲಿ ಬಿಡಲಿ, ಕೈ ತಾನಾಗಿ ಹಾಗೆ ಮಾಡುತ್ತಿತ್ತು.

ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಇದೆಲ್ಲ ಒಂದು ಗುಂಡಿಗೆ ಇಳಿಯಿತು. ಹಾಳೆ ಇಟ್ಟು ಟೇರ್ ಒತ್ತಿದರೆ ಸೊನ್ನೆ. ಯಂತ್ರ ಸುಳ್ಳು ಹೇಳುವುದಿಲ್ಲ ಅಂತ ಜನ ನಂಬುತ್ತಾರೆ. ಸುಳ್ಳು ಹೇಳುವುದಿಲ್ಲ ನಿಜ, ತಪ್ಪು ಹೇಳುತ್ತದೆ. ಮೂಲೆಯ ಗಾಜಿನೊಳಗಿನ ಗುಳ್ಳೆ ನಡುವಿನ ವೃತ್ತದಲ್ಲಿರಬೇಕು, ಇಲ್ಲದಿದ್ದರೆ ಕಾಲಿನ ತಿರುಪು ತಿರುಗಿಸಿ ಮಟ್ಟ ಮಾಡಬೇಕು. ಫ್ಯಾನಿನ ಗಾಳಿಗೆ ಕೊನೆಯ ಅಂಕಿ ಕುಣಿಯುತ್ತದೆ. ಪಕ್ಕದ ಅಕ್ಕಿಮೂಟೆಯ ಕಿವಿ ತಟ್ಟೆಗೆ ತಾಗಿದ್ದರೆ ಅರ್ಧ ಭಾರವನ್ನು ಮೂಟೆಯೇ ಹೊತ್ತುಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಎಡವಟ್ಟು ಲವಂಗ ತೂಗುವಾಗ. ಐದೈದು ಗ್ರಾಮಿನ ಹೆಜ್ಜೆಯಲ್ಲಿ ಎಣಿಸುವ, ಮೂವತ್ತು ಕೇಜಿ ಹೊರುವ ಯಂತ್ರದ ಫಲಕದಲ್ಲೇ ಕನಿಷ್ಠ 100 ಗ್ರಾಂ ಅಂತ ಬರೆದಿರುತ್ತದೆ. ಅದಕ್ಕಿಂತ ಕಡಿಮೆ ತೂಕಕ್ಕೆ ಅದು ಲಾಯಕ್ಕಲ್ಲ. ಅದರ ಮೇಲೆ 25 ಗ್ರಾಂ ಲವಂಗ ತೂಗಿಸಿಕೊಳ್ಳುವುದೂ ಒಂದೇ, ಅಂಗೈಯಲ್ಲಿ ಅಂದಾಜು ಮಾಡುವುದೂ ಒಂದೇ. ಅಂಗೈಯೇ ವಾಸಿ, ಅದಕ್ಕೆ ಕೊಸರು ಗೊತ್ತು. ಯಂತ್ರಕ್ಕೆ ಪ್ರತಿವರ್ಷ ಮುದ್ರೆ, ಕಲ್ಲಿಗೆ ಎರಡು ವರ್ಷಕ್ಕೊಮ್ಮೆ. ಹೊಸದಕ್ಕಿಂತ ಹಳೆಯದನ್ನು ಸರ್ಕಾರವೂ ಒಂದು ವರ್ಷ ಹೆಚ್ಚು ನಂಬುತ್ತದೆ.

ಕೊಸರು ಪುಗಸಟ್ಟೆ ಬರುತ್ತದೆಯೇ? 50 ಕೇಜಿಯ ಸಕ್ಕರೆ ಮೂಟೆಯನ್ನು ಕಾಲು ಕಾಲು ಕೇಜಿ ಮಾರಿದರೆ 200 ಪೊಟ್ಟಣ. ಒಂದೊಂದಕ್ಕೆ ಎರಡು ಗ್ರಾಂ ಹೆಚ್ಚು ಬಿದ್ದರೂ 400 ಗ್ರಾಂ ಹೋಯಿತು. ಕೇಜಿಗೆ ಒಂದು ರೂಪಾಯಿ ಉಳಿಯುವ ಸರಕಾದರೆ ಇಡೀ ಮೂಟೆಯ ಲಾಭ 50 ರೂಪಾಯಿ. ನಲವತ್ತರ ಸಕ್ಕರೆಯಲ್ಲಿ 400 ಗ್ರಾಂ ಅಂದರೆ 16 ರೂಪಾಯಿ, ಅಂದರೆ ಲಾಭದಲ್ಲಿ ಮೂರರಲ್ಲೊಂದು ಪಾಲು ಗಾಳಿಗೆ. ಇನ್ನು ಗೋಣಿಯ ನಾರಿಗೆ ಅಂಟಿದ್ದು, ಇರುವೆ ಎತ್ತಿದ್ದು ಬೇರೆ. ಆದ್ದರಿಂದ ಕೊಸರು ಎಲ್ಲಿ ಹಾಕಬೇಕು ಅನ್ನುವುದೇ ವಿದ್ಯೆ. ಸಕ್ಕರೆಗೆ, ಬೇಳೆಗೆ ಮುಳ್ಳು ನಿಂತ ಮೇಲೆ ಕೈ ನಿಲ್ಲಬೇಕು. ಉಪ್ಪಿಗೆ, ಕಡಲೆಪುರಿಗೆ, ಕೊತ್ತಂಬರಿ ಬೀಜಕ್ಕೆ ಧಾರಾಳ. ದುಬಾರಿ ಸರಕು ಕೊಂಡವರಿಗೆ ಕೊಸರು ಇನ್ನೊಂದು ರೂಪದಲ್ಲಿ, ಜೊತೆಗೆ ಬಂದ ಮಗುವಿನ ಕೈಗೆ ಬೆಲ್ಲದ ಚೂರಾಗಿಯೋ ನಾಲ್ಕು ಹುರಿಗಡಲೆಯಾಗಿಯೋ ಹೋಗುತ್ತದೆ. ಮೊದಲು ಇಪ್ಪತ್ತು ಗ್ರಾಂ ಕಡಿಮೆ ಸುರಿದು ಆಮೇಲೆ ಬೆರಳ ಸಂದಿಯಿಂದ ಉದುರಿಸುತ್ತ ಹೋಗುವುದು ಪಳಗಿದ ಕೈ. ಹೆಚ್ಚು ಸುರಿದು ವಾಪಸು ತೆಗೆಯುವುದು ಎಳಸು ಕೈ. ತೂಕ ಎರಡಕ್ಕೂ ಒಂದೇ ಆದರೂ ಎರಡನೆಯದರಲ್ಲಿ ಗಿರಾಕಿಯ ಕಣ್ಣು ಆ ವಾಪಸು ಹೋದ ಹಿಡಿಯ ಹಿಂದೆಯೇ ಹೋಗುತ್ತದೆ.

ಮಲೆನಾಡಿನ ಮಗ್ಗುಲ ಊರಿನಲ್ಲಿ ದಿನಸಿ ಅಂಗಡಿ ಇಡುವುದೆಂದರೆ ವರ್ಷಕ್ಕೆ ನಾಲ್ಕು ತಿಂಗಳು ನೀರಿನ ಜೊತೆ ಜಗಳ. ಜೂನಿನಲ್ಲಿ ಮೋಡ ಇಳಿದರೆ ಮೊದಲು ಅಳುವುದು ಕಲ್ಲುಪ್ಪು. ಶುದ್ಧ ಉಪ್ಪಿಗಿಂತ ಅದರಲ್ಲಿರುವ ಮೆಗ್ನೀಸಿಯಂ ಲವಣಗಳು ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತವೆ. ಮೂಟೆಯ ಅಡಿಯಿಂದ ನೀರು ಸೋರತೊಡಗುತ್ತದೆ. ಅದಕ್ಕೇ ಉಪ್ಪಿನ ಮೂಟೆಗೆ ಅಂಗಡಿಯೊಳಗೆ ಜಾಗವಿಲ್ಲ, ಹೊರಜಗುಲಿಯ ಹಲಗೆಯ ಮೇಲೆ. ರಾತ್ರಿ ಬಾಗಿಲು ಹಾಕಿದರೂ ಅದು ಹೊರಗೇ. ಉಪ್ಪು ಕದಿಯಬಾರದು ಅನ್ನುವ ನಂಬಿಕೆ ಬೀಗಕ್ಕಿಂತ ಗಟ್ಟಿಯಾಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಉಪ್ಪು ಮಾರುವುದೂ ಇಲ್ಲ. ತೋಟದ ಕಡೆಯವರು ಜಿಗಣೆಗೆ ಅಂತ ಕೇಳಿಕೊಂಡು ಬಂದರೆ ಮಾತ್ರ ದೇವರ ಕಡೆ ಒಮ್ಮೆ ನೋಡಿ ಕೊಡುತ್ತಿದ್ದರು, ದುಡ್ಡು ಮಾರನೆಯ ದಿನಕ್ಕೆ.

ಬೆಲ್ಲ ಬೆವರುತ್ತದೆ, ಅಚ್ಚುಗಳು ಒಂದಕ್ಕೊಂದು ಅಂಟಿ ಒಂದೇ ಬಂಡೆಯಾಗುತ್ತವೆ. ಬೆಂಕಿಕಡ್ಡಿ ಗೀಚಿದರೆ ತಲೆ ಉದುರುತ್ತದೆ. ಮೆಣಸಿನಕಾಯಿಯ ಮೂಟೆ ಬೇಸಗೆಯಲ್ಲಿ ಒಣಗಿ ತೂಕ ಕಳೆದುಕೊಂಡರೆ ಮಳೆಗಾಲದಲ್ಲಿ ತೇವ ಕುಡಿದು ತೂಕ ಹೆಚ್ಚಿಸಿಕೊಳ್ಳುತ್ತದೆ. ದುರಾಸೆಯವರಿಗೆ ಇದು ಖುಷಿ, ಹತ್ತು ದಿನ ಬಿಟ್ಟು ತೊಟ್ಟಿನ ಬಳಿ ಬೂಷ್ಟು ಕಂಡಾಗ ಖುಷಿ ಇಳಿಯುತ್ತದೆ. ರವೆಗೆ ಹುಳು ಬೀಳುವಷ್ಟು ಬೇಗ ಅಕ್ಕಿಗೆ ಬೀಳದು. ರಾಗಿ ಕಾಳಂತೂ ವರ್ಷಗಟ್ಟಲೆ ಅಲ್ಲಾಡದು, ಹಿಟ್ಟು ಮಾಡಿಸಿದ ದಿನದಿಂದ ಮಾತ್ರ ಕಹಿಯ ಕಡೆ ನಡೆಯುತ್ತದೆ. ಹಾಗಾಗಿ ಹಾಸನದ ಕಡೆಯ ಅಂಗಡಿಗಳಲ್ಲಿ ರಾಗಿ ಮೂಟೆಗಟ್ಟಲೆ, ಹಿಟ್ಟು ಡಬ್ಬಿಗಟ್ಟಲೆ. ಮೂಟೆಗಳ ಅಡಿಗೆ ಹಲಗೆ, ಗೋಡೆಗೂ ಮೂಟೆಗೂ ನಡುವೆ ಒಂದು ಗೇಣು. ಆ ಗೇಣು ಗಾಳಿಗೆ, ಬೆಕ್ಕಿಗೆ, ಪೊರಕೆಗೆ. ಹೊಸ ಮೂಟೆ ಹಿಂದೆ, ಹಳೆಯದು ಮುಂದೆ. ಈ ಒಂದು ನಿಯಮವನ್ನು ಮೈಗಳ್ಳತನದಿಂದ ಮುರಿದವನ ಅಂಗಡಿಯ ಮೂಲೆಯಲ್ಲಿ ಮೂರು ವರ್ಷದ ಹಿಂದಿನ ಉದ್ದಿನಬೇಳೆ ಪುಡಿಯಾಗಿ ಕೂತಿರುತ್ತದೆ.

ಕಾಫಿಪುಡಿಯ ಮರ್ಯಾದೆ ಇನ್ನೂ ಸೂಕ್ಷ್ಮ. ಚಿಕ್ಕಮಗಳೂರಿನವರಿಗೆ ಕಾಫಿ ಬಗ್ಗೆ ಪಾಠ ಹೇಳುವ ಧೈರ್ಯ ಯಾರಿಗೂ ಬೇಡ. ಆದರೂ ಚಿಕೋರಿ ಬೆರೆಸಿದ ಪುಡಿ ಬರಿಯ ಪುಡಿಗಿಂತ ಬೇಗ ತೇವ ಹೀರಿ ಗಂಟುಕಟ್ಟುತ್ತದೆ ಅನ್ನುವುದು, ಬೆರಕೆಯಲ್ಲಿ ಕಾಫಿ ನೂರಕ್ಕೆ 51 ಪಾಲಿಗಿಂತ ಕೆಳಗೆ ಇಳಿಯಬಾರದು ಅನ್ನುವ ಕಾನೂನಿದೆ ಅನ್ನುವುದು ಅಂಗಡಿಯವರಿಗೆ ಗೊತ್ತಿರಬೇಕಾದ ಸಂಗತಿ. ಇನ್ನೊಂದು ಸಂಗತಿ ಪುಸ್ತಕದಲ್ಲಿಲ್ಲ: ಪುಡಿ ಮೂಗಿದ್ದಂತೆ, ಪಕ್ಕದಲ್ಲಿ ಏನಿದೆಯೋ ಅದರ ವಾಸನೆ ಎಳೆದುಕೊಳ್ಳುತ್ತದೆ. ಸಾಬೂನಿನ ಕಪಾಟಿನಲ್ಲಿ ಕಾಫಿಪುಡಿ, ಟೀಪುಡಿ ಇಟ್ಟವನು ಈ ಕಸುಬಿಗೆ ಹೊಸಬ. ಊದುಬತ್ತಿ, ಕರ್ಪೂರ, ಸಾಬೂನು ಬಾಗಿಲ ಕಡೆ. ಅಕ್ಕಿ, ಪುಡಿ ಒಳಗಡೆ. ಡಿಸೆಂಬರಿನ ಬೆಳಗ್ಗೆ ಕೊಬ್ಬರಿ ಎಣ್ಣೆ ಇನ್ನೊಂದು ತಂಟೆ. 24, 25 ಡಿಗ್ರಿಗಿಂತ ಕೆಳಗಿಳಿದರೆ ಅದು ಗಟ್ಟಿ. ಸೌಟು ಇಳಿಯುವುದಿಲ್ಲ, ಅಳತೆ ನಡೆಯುವುದಿಲ್ಲ. ಡಬ್ಬವನ್ನು ಬಿಸಿಲಿಗಿಟ್ಟು ಹತ್ತು ಗಂಟೆವರೆಗೆ 'ಆಮೇಲೆ ಬನ್ನಿ' ಅನ್ನಬೇಕು, ಇಲ್ಲವೇ ತೂಕಕ್ಕೆ ಕೊಡಬೇಕು. ಒಂದು ಲೀಟರ್ ಎಣ್ಣೆ ಒಂದು ಕೇಜಿಯಲ್ಲ, ಸುಮಾರು 910 ಗ್ರಾಂ. ಈ 90 ಗ್ರಾಮಿನ ಸಂದಿಯಲ್ಲಿ ಗಿರಾಕಿಯೂ ಬಿದ್ದಿದ್ದಾರೆ, ಅಂಗಡಿಯವರೂ ಬಿದ್ದಿದ್ದಾರೆ.

ಇಷ್ಟೆಲ್ಲ ಜತನ ಮಾಡಿದ ಮೇಲೂ ಉಳಿಯುವ ಹಾಳುಮೂಳು ಎಲ್ಲಿಗೆ ಹೋಗುತ್ತದೆ? ಮನೆಗೆ. ದಿನಸಿ ಅಂಗಡಿಯವರ ಮನೆಯಲ್ಲಿ ಹಾಲು ತುಪ್ಪದ ಹೊಳೆ ಅಂತ ಹೊರಗಿನವರ ಲೆಕ್ಕ. ಅಲ್ಲಿ ಬೇಯುವುದು ಮೂಟೆಯ ತಳದ ನುಚ್ಚು. ಸಾರಿಗೆ ಬೀಳುವುದು ಒಡೆದ ಬೇಳೆ, ಕಾಫಿಗೆ ಬೆಲ್ಲ ಒಡೆಯುವಾಗ ಉದುರಿದ ಪುಡಿ, ಮಕ್ಕಳ ಕೈಗೆ ಇಲಿ ಮುಟ್ಟದ ಆದರೆ ಮೂಟೆಯಡಿ ಸಿಕ್ಕಿ ಮುರಿದ ಬಿಸ್ಕತ್ತು. ಗೋಡಂಬಿಯಲ್ಲೂ ಹಾಗೆಯೇ. ಅಂಗಡಿಗೆ ಬರುವ 320 ನಂಬರಿನ ಇಡೀ ಗೋಡಂಬಿ ಅಂದರೆ ಒಂದು ಪೌಂಡಿಗೆ ಹೆಚ್ಚೆಂದರೆ ಅಷ್ಟು ಬೀಜ. ನಂಬರು ಇಳಿದಷ್ಟೂ ಬೀಜ ದಪ್ಪ, ಬೆಲೆ ಮೇಲೆ. ಇಬ್ಭಾಗವಾದದ್ದಕ್ಕೆ ಬೆಲೆ ಕಡಿಮೆ, ಚೂರಿಗೆ ಇನ್ನೂ ಕಡಿಮೆ. ಡಬ್ಬದ ತಳದಲ್ಲಿ ಉಳಿಯುವ ಪುಡಿ ಮನೆಯ ಪಾಯಸಕ್ಕೆ.

ಇದನ್ನು ಜಿಪುಣತನ ಅಂದವರಿದ್ದಾರೆ. ರಾತ್ರಿ ಒಂಬತ್ತಕ್ಕೆ ಅರ್ಧ ಬಾಗಿಲು ಹಾಕಿದ ಮೇಲೆ ಆ ಯಜಮಾನರನ್ನು ನೋಡಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಗಿರಾಕಿಯ ಅಕ್ಕಿಯನ್ನು ಮೂಟೆಯಿಂದ ಹಾಗೇ ತೂಗಿಕೊಟ್ಟ ಮನುಷ್ಯ ಮನೆಯ ನುಚ್ಚನ್ನು ಮಾತ್ರ ಎರಡು ಜರಡಿಯಲ್ಲಿ ಜಾಲಿಸುತ್ತಿದ್ದರು. ಮೊದಲು ಸಣ್ಣ ಕಣ್ಣಿನದರಲ್ಲಿ ಹೊಟ್ಟು, ಹುಡಿ ಕೆಳಕ್ಕೆ. ಆಮೇಲೆ ದೊಡ್ಡ ಕಣ್ಣಿನದರಲ್ಲಿ ನುಚ್ಚು ಕೆಳಕ್ಕೆ, ಕಲ್ಲು, ಭತ್ತ, ಗೋಣಿಯ ನಾರು ಮೇಲೆ. ಕೊನೆಗೆ ಬಲ್ಬಿನ ಕೆಳಗೆ ಮೊರದಲ್ಲಿ ಹರಡಿ ನುಚ್ಚಿನಷ್ಟೇ ದಪ್ಪದ ಕಲ್ಲುಗಳನ್ನು ಕಣ್ಣಿಗೆ ಕಣ್ಣು ಕೊಟ್ಟು ಹೆಕ್ಕಬೇಕು. ಮೂರು ಕೇಜಿಗೆ ಮುಕ್ಕಾಲು ಗಂಟೆಯ ಕೆಲಸ. ಒಡೆದ ಅಕ್ಕಿಯನ್ನು ಹೆಂಡತಿಗೆ ಕೊಡಬಹುದು, ಕಲ್ಲಿರುವ ಅಕ್ಕಿಯನ್ನು ಕೊಡಬಾರದು ಅನ್ನುವುದು ಅವರ ಕಾಯಿದೆ.

ಉದ್ರಿ ಪುಸ್ತಕಕ್ಕೆ ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಅರಿಶಿನ ಕುಂಕುಮ. ಉದ್ದಕ್ಕೆ ತೆರೆಯುವ ಕೆಂಪು ರಟ್ಟಿನ ಪುಸ್ತಕ, ಮೊದಲ ಪುಟದಲ್ಲಿ 'ಶ್ರೀ'. ಗೋಡೆಯ ಮೇಲೆ 'ಇಂದು ನಗದು, ನಾಳೆ ಉದ್ರಿ' ಅಂತ ಬೋರ್ಡು, ಅದರ ಕೆಳಗೇ ಪುಸ್ತಕ. ಕಾಫಿ ಸೀಮೆಯಲ್ಲಿ ಈ ಪುಸ್ತಕಕ್ಕೂ ಒಂದು ಹಂಗಾಮಿದೆ. ಮಳೆಗಾಲದಲ್ಲಿ ಕೆಲಸ ಕಡಿಮೆ, ಬಟವಾಡೆ ತೆಳು, ಪುಟಗಳು ತುಂಬುತ್ತವೆ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೊಬಸ್ಟಾ, ಮೆಣಸು. ಸಂಕ್ರಾಂತಿ ಕಳೆದ ಮೇಲೆ ಜಮಾ ಬೀಳಲು ಶುರು. ಜುಲೈಯಲ್ಲಿ ಹೋಗಿ ವಸೂಲಿಗೆ ನಿಂತವನು ಗಿರಾಕಿಯನ್ನೂ ಕಳೆದುಕೊಳ್ಳುತ್ತಾನೆ, ದುಡ್ಡನ್ನೂ ಕಳೆದುಕೊಳ್ಳುತ್ತಾನೆ. ಕಾನೂನಿನ ಪ್ರಕಾರ ಮಾರಿದ ಸರಕಿನ ಬಾಕಿಗೆ ಮೂರು ವರ್ಷದ ಗಡುವು; ಬಾಕಿದಾರ ಗಡುವಿನೊಳಗೆ ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಅಲ್ಲಿಂದ ಮತ್ತೆ ಮೂರು. ಬರಿಯ ಅಂಗಡಿಯ ಪುಸ್ತಕವೊಂದನ್ನೇ ಹಿಡಿದುಕೊಂಡು ನ್ಯಾಯಾಲಯಕ್ಕೆ ಹೋದರೆ ಅದು ಸಾಲದು, ಬೇರೆ ಪುರಾವೆಯೂ ಬೇಕು. ಯಜಮಾನರಿಗೆ ಕಲಮು ಗೊತ್ತಿರಲಿಲ್ಲ, ತಿರುಳು ಗೊತ್ತಿತ್ತು. ಆದ್ದರಿಂದ ನ್ಯಾಯಾಲಯದ ದಾರಿ ಹಿಡಿಯಲಿಲ್ಲ. ಮೂರು ವರ್ಷ ಅಲ್ಲಾಡದ ಹೆಸರಿನ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಒಂದು ಸೊನ್ನೆ. ಸೊನ್ನೆ ಬಿದ್ದ ಮನೆಯವರು ಆಮೇಲೂ ಬಂದು ಉಪ್ಪು ಕೇಳಿದರೆ ಕೊಡುತ್ತಿದ್ದರು, ಬೇಳೆ ಕೇಳಿದರೆ ಕಿವಿ ಕೇಳುತ್ತಿರಲಿಲ್ಲ.

ಸಖರಾಯಪಟ್ಟಣದ ರುಕ್ಮಾಂಗದನೆಂಬ ಪಾಳೆಯಗಾರ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟದ್ದು ಚಿಕ್ಕಮಗಳೂರು, ಹಿರಿಯಳಿಗೆ ಹಿರೇಮಗಳೂರು ಅಂತ ಐತಿಹ್ಯ. ಇಂಥ ಊರಿನಲ್ಲಿ ಎರಡು ಹೆಣ್ಣುಮಕ್ಕಳ ತಂದೆಯಾಗಿರುವುದು ಸ್ವಲ್ಪ ಮುಜುಗರದ ಸಂಗತಿ. ಕೊಡಲು ಊರಿಲ್ಲದ ಅಂಗಡಿಯವರು ಚೀಟಿ ಕಟ್ಟುತ್ತಾರೆ. ಇಪ್ಪತ್ತು ಜನ, ಇಪ್ಪತ್ತು ತಿಂಗಳು, ತಲೆಗೆ ಐದು ಸಾವಿರ. ತಿಂಗಳಿಗೆ ಒಂದು ಲಕ್ಷದ ಹರಾಜು. ಮೆಣಸಿನ ರೇಟು ಬಿದ್ದಾಗ ಕೊಂಡಿಟ್ಟು ಏರಿದಾಗ ಮಾರುವ ಚುರುಕಿನವರು ಮೊದಲ ತಿಂಗಳಲ್ಲೇ ಇಪ್ಪತ್ತೈದು ಸಾವಿರ ಬಿಟ್ಟು ಚೀಟಿ ಎತ್ತುತ್ತಾರೆ. ಹೆಣ್ಣುಮಕ್ಕಳ ಅಪ್ಪ ಹರಾಜಿನಲ್ಲಿ ಬಾಯಿ ತೆರೆಯುವುದಿಲ್ಲ. ಮಿಕ್ಕವರು ಬಿಟ್ಟುಕೊಟ್ಟ ದುಡ್ಡಿನ ಪಾಲು ತಿಂಗಳು ತಿಂಗಳು ಕಂತಿನಲ್ಲಿ ಕಳೆಯುತ್ತ ಹೋಗಿ, ಕೊನೆಯ ಚೀಟಿ ಕಮಿಷನ್ ಬಿಟ್ಟು ಪೂರ್ತಿ ಕೈಗೆ. ಮುಳುಗುವ ಚೀಟಿ ಮುಳುಗುವುದು ಕೊನೆಯಲ್ಲೇ. ಕೊನೆಯವನೇ ಹೆಚ್ಚು ಅಪಾಯದಲ್ಲಿ. ಅದಕ್ಕೇ ಚೀಟಿ ನಡೆಸುವವರ ಮನೆಯ ದಿನಸಿ ಯಾವ ಅಂಗಡಿಯಿಂದ ಹೋಗುತ್ತದೆ, ಈ ತಿಂಗಳು ಎಣ್ಣೆ ಕಡಿಮೆ ಕೊಂಡರೇ, ಉದ್ರಿ ಹೇಳಿದರೇ ಅಂತ ಯಜಮಾನರ ಕಣ್ಣು ಸದಾ ಇರುತ್ತಿತ್ತು. ಯಾವ ಬ್ಯಾಂಕಿನವರಿಗೂ ಸಿಗದ ಮಾಹಿತಿ ಅದು.

ವಾರದ ರಜೆ ಅಂತ ಬೋರ್ಡಿನಲ್ಲಿ ಬರೆದ ದಿನ ಅಂಗಡಿ ಮುಚ್ಚುತ್ತಿತ್ತು, ಯಜಮಾನರಿಗೆ ರಜೆಯಿರಲಿಲ್ಲ. ಅಂದು ಸಗಟು ಅಂಗಡಿಗಳ ಸುತ್ತಾಟ, ಡಬ್ಬ ತೊಳೆಯುವುದು, ಸಂಜೆ ಮನೆಯಲ್ಲಿ ಲೆಕ್ಕ. ಮಕ್ಕಳು ಮಗ್ಗಿ ಕಲಿತದ್ದು ಅಕ್ಕಿಮೂಟೆಯ ಮೇಲೆ ಕೂತು. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಶಾಲೆಯಲ್ಲಿ ಹೇಳಿಕೊಡುವುದು ನಿಂತ ಮೇಲೂ ಅಂಗಡಿಯ ಮಕ್ಕಳ ಬಾಯಲ್ಲಿ ಇತ್ತು. ಕಾಲಿಗೆ ಒಂದು ನಿಲುಗೆರೆ, ಅರೆಗೆ ಎರಡು, ಮುಕ್ಕಾಲಿಗೆ ಮೂರು ಅಂತ ಅಪ್ಪ ಬರೆಯುವ ಹಳೆಯ ಗುರುತು ಓದಲು ಬರುತ್ತಿದ್ದದ್ದೂ ಆ ಮಕ್ಕಳಿಗೇ.

ಹಾಗಾಗಿಯೇ ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಕ್ಕಳು ಪುಸ್ತಕ ಬಿಚ್ಚಿ ಕೂತರೆ ಲೆಕ್ಕ ಸಲೀಸಾಗಿ ಸಾಗುತ್ತದೆ. ಹೆಸರು, ಬಾಕಿ, ಜಮಾ, ಕೂಡಿಸುತ್ತ ಹೋಗುವುದು. ಹಿಂದಿನಿಂದ ನಾಲ್ಕನೆಯ ಪುಟದ ತಲೆಯಲ್ಲಿ 'ಮನೆ' ಅಂತ ಬರೆದಿರುತ್ತದೆ. ಅಚ್ಚುಕಟ್ಟಾದ ಅಂಗಡಿಯವರು ತಮ್ಮ ಮನೆಗೂ ಒಂದು ಖಾತೆ ಇಡುತ್ತಾರೆ. ಮನೆಗೆ ಹೋದದ್ದನ್ನು ಬರೆಯದಿದ್ದರೆ ಅಂಗಡಿ ಯಾಕೆ ಸೊರಗಿತು ಅಂತ ತಿಳಿಯುವುದೇ ಇಲ್ಲ. ಎಷ್ಟೋ ಅಂಗಡಿಗಳು ಉದ್ರಿಯಿಂದಲ್ಲ, ಅಡುಗೆಮನೆಯಿಂದ ಮುಳುಗಿವೆ. ಎಡಕ್ಕೆ ತಾರೀಕು, ನಡುವೆ ಸರಕು, ಬಲಕ್ಕೆ ಕೊಂಡ ದರ. ನುಚ್ಚು ಮೂರು ಕೇಜಿ. ಒಡೆದ ಬೇಳೆ ಒಂದು. ಬೆಲ್ಲದ ಪುಡಿ ಅರ್ಧ. ತಿಂಗಳ ಕೊನೆಗೆ ತನ್ನ ಜೇಬಿನಿಂದ ತನ್ನ ಗಲ್ಲಾಕ್ಕೆ ಹಾಕಿ 'ಜಮಾ' ಅಂತ ಬರೆದು ಅಡಿಗೆ ಗೆರೆ.

ಅದೇ ಪುಟದಲ್ಲಿ ಎರಡು ಮೂರು ವಾರಕ್ಕೊಮ್ಮೆ ಒಂದು ಸಾಲು ಬರುತ್ತದೆ. ಎಡಕ್ಕೆ ತಾರೀಕು ಇದೆ. ನಡುವೆ 'ಗೋಡಂಬಿ, ಇಡೀದು, 50' ಅಂತಿದೆ. 320ರ ನಂಬರಿನದಾದರೆ ಎಣಿಸಿ ಮೂವತ್ತೈದು ಬೀಜ. ಬಲಕ್ಕೆ ದರ ಬರೆಯುವ ಜಾಗ ಖಾಲಿ. ಕೂಡುತ್ತಿರುವ ಮಗ ಅಲ್ಲಿ ಬಂದಾಗ ಪೆನ್ಸಿಲ್ ಎತ್ತಿ, ಅಡುಗೆಮನೆಯ ಕಡೆ ಒಮ್ಮೆ ನೋಡಿ, ಬೆರಳನ್ನು ಕೆಳಗಿನ ಸಾಲಿಗೆ ಜಾರಿಸುತ್ತಾನೆ.